ಬಸುರಿನಲ್ಲಿ ವೈರಸ್ ಜ್ವರ ಬಂದು ಹೋದರೆ: ಸ್ಕ್ಯಾನಿಂಗ್‌ನಿಂದ ಮಗುವಿನ ಕಿವಿ ಪರೀಕ್ಷೆಯವರೆಗೆ

ಮಳೆಗಾಲ ಹಿಡಿದು ಎರಡು ವಾರವಾಗುವಷ್ಟರಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ತೋಟದ ಮನೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಜ್ವರದಿಂದ ಮಲಗುವುದು ಕಾಸರಗೋಡಿನವರಿಗೆ ಹೊಸತಲ್ಲ. ಅಡಿಕೆ ಮರದಿಂದ ಬಿದ್ದ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆ, ಅಂಗಳದ ಬದಿಯಲ್ಲಿ ಮಗುಚಿ ಹಾಕದೆ ಬಿಟ್ಟ ಬಕೆಟು, ಇಷ್ಟರಲ್ಲಿ ನಿಂತ ನೀರೇ ಈಡಿಸ್ ಸೊಳ್ಳೆಗೆ ಸಾಕಾಗುತ್ತದೆ. ಅಂತಹ ಮನೆಯಲ್ಲಿ ಗರ್ಭಿಣಿಯೊಬ್ಬರಿದ್ದು ಅವರಿಗೂ ಜ್ವರ ಬಂದರೆ, ಕೆಲವರು 'ಎಲ್ಲರಿಗೂ ಬಂದ ಜ್ವರ, ಮೂರು ದಿನದಲ್ಲಿ ಬಿಡುತ್ತದೆ' ಎಂದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಹೊಟ್ಟೆಯಲ್ಲಿರುವ ಮಗುವಿಗೆ ಏನೋ ಆಗಿಯೇ ಹೋಯಿತೆಂದು ಅದೇ ದಿನ ಸ್ಕ್ಯಾನಿಂಗ್‌ಗೆ ಓಡುತ್ತಾರೆ. ಎರಡನೆಯವರನ್ನು ನಾನು ದೂಷಿಸಲಾರೆ. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಈ ಜಿಲ್ಲೆಯಲ್ಲಿ, ಎಣ್ಮಕಜೆಯಂತಹ ಊರುಗಳಲ್ಲಿ, ಮಗುವಿನ ತಲೆಯ ಅಳತೆಯ ಬಗ್ಗೆ ಒಂದು ಮಾತು ಕೇಳಿದರೂ ಮನೆಯವರ ಎದೆ ನಡುಗುವುದು ಸಹಜವೇ ಆಗಿದೆ.

ಗರ್ಭಿಣಿಗೆ ಬರುವ ಹೆಚ್ಚಿನ ವೈರಸ್ ಜ್ವರಗಳು ಮಗುವಿಗೆ ಅಂಗವೈಕಲ್ಯ ತರುವುದಿಲ್ಲ. ಬೆರಳೆಣಿಕೆಯಷ್ಟು ವೈರಸ್‌ಗಳು ಮಾತ್ರ ತರಬಲ್ಲವು, ಅವು ಕೂಡ ಬಸುರಿನ ಯಾವ ವಾರದಲ್ಲಿ ಬಂದವು ಎಂಬುದನ್ನು ಅವಲಂಬಿಸಿ. ಜ್ವರ ಬಂದ ದಿನವೇ ಮಾಡಿಸಿದ ಸ್ಕ್ಯಾನಿಂಗ್ ಇದಕ್ಕೆ ಉತ್ತರ ಹೇಳಲಾರದು, ಐದನೇ ತಿಂಗಳ ಸ್ಕ್ಯಾನಿಂಗ್ 'ನಾರ್ಮಲ್' ಎಂದು ಬಂದ ಮಾತ್ರಕ್ಕೆ ವಿಷಯ ಮುಗಿದಂತೆಯೂ ಅಲ್ಲ. ಏನನ್ನು ಯಾವಾಗ ಮಾಡಬೇಕು ಎಂಬುದನ್ನು ಕೆಳಗೆ ಕ್ರಮವಾಗಿ ಬರೆದಿದ್ದೇನೆ. ಇದು ನಿಮ್ಮ ಡಾಕ್ಟರರ ಮಾತಿಗೆ ಬದಲಿಯಲ್ಲ. ಅವರ ಮುಂದೆ ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಸಿದ್ಧತೆ ಮಾತ್ರ.

1. ತಾರೀಕು ಬರೆದಿಡಿ

ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಬೆಲೆಯ ಕೆಲಸವಿದು. ಕೊನೆಯ ಮುಟ್ಟಿನ ಮೊದಲ ದಿನ, ಜ್ವರ ಶುರುವಾದ ದಿನ, ಮೈಮೇಲೆ ಕೆಂಪು ದಡಿಕೆ ಅಥವಾ ಗುಳ್ಳೆ ಎದ್ದ ದಿನ ಮತ್ತು ಜ್ವರ ಬಿಟ್ಟ ದಿನ, ಈ ನಾಲ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ತಿಂಗಳ ಲೆಕ್ಕದಲ್ಲೇ ಬರೆಯಿರಿ. ನಮ್ಮ ಕಡೆ ಅತ್ತೆಯಂದಿರು 'ಆಟಿ ಅಮಾವಾಸ್ಯೆಯ ಮರುದಿನ', 'ಚೌತಿಗೆ ನಾಲ್ಕು ದಿನ ಇರುವಾಗ' ಎಂದು ನೆನಪಿಟ್ಟುಕೊಳ್ಳುತ್ತಾರೆ. ಆ ನೆನಪು ಸರಿಯಾಗಿಯೇ ಇರುತ್ತದೆ, ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ತಾರೀಕಿಗೆ ಇಳಿಸುವಾಗ ತಪ್ಪುತ್ತದೆ. ಹೇಗೆ ತಪ್ಪುತ್ತದೆ ಎಂಬುದಕ್ಕೆ ನಮ್ಮ ಮನೆಯದ್ದೇ ಒಂದು ಉದಾಹರಣೆಯಿದೆ, ಮುಂದೆ ಹೇಳುತ್ತೇನೆ.

ವಾರದ ಲೆಕ್ಕವನ್ನು ನೀವೇ ಹಾಕಬಹುದು. ಕೊನೆಯ ಮುಟ್ಟು ಜೂನ್ 10ರಂದು ಶುರುವಾಗಿ, ಜ್ವರ ಮತ್ತು ದಡಿಕೆ ಆಗಸ್ಟ್ 26ರಂದು ಕಾಣಿಸಿಕೊಂಡಿದ್ದರೆ, ನಡುವಿನ ದಿನಗಳು 77. ಏಳರಿಂದ ಭಾಗಿಸಿದರೆ ಸರಿಯಾಗಿ 11 ವಾರ. ಡಾಕ್ಟರರಿಗೆ ಬೇಕಾದದ್ದು ಈ '11 ವಾರ' ಎಂಬ ಉತ್ತರವೇ ಹೊರತು 'ಮೂರನೇ ತಿಂಗಳಿನಲ್ಲಿ' ಎಂಬುದಲ್ಲ. ಏಕೆಂದರೆ ರುಬೆಲ್ಲಾ (ಜರ್ಮನ್ ದಡಾರ) ಮೊದಲ 12 ವಾರಗಳೊಳಗೆ ಬಂದರೆ ಮಗುವಿಗೆ ತೊಂದರೆಯಾಗುವ ಸಂಭವ ಬಹಳ ಹೆಚ್ಚು, 20 ವಾರ ದಾಟಿದ ಮೇಲೆ ಬಂದರೆ ಬಹಳ ಕಡಿಮೆ. 1941ರಲ್ಲಿ ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರು ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಇದ್ದ ಶಿಶುಗಳ ತಾಯಂದಿರನ್ನು ವಿಚಾರಿಸುತ್ತಾ ಹೋಗಿ, ಬಸುರಿನ ಆರಂಭದಲ್ಲಿ ಅವರಿಗೆ ರುಬೆಲ್ಲಾ ಬಂದಿತ್ತೆಂಬುದನ್ನು ಕಂಡುಕೊಂಡರು. ಅವರಿಗೆ ದಾರಿ ತೋರಿಸಿದ್ದು ಯಂತ್ರವಲ್ಲ, ತಾಯಂದಿರ ನೆನಪು.

2. ಯಾವ ವೈರಸ್ ಎಂದು ಜ್ವರ ಇರುವಾಗಲೇ ತಿಳಿಯಿರಿ

ಜ್ವರ ಬಿಟ್ಟು ತಿಂಗಳಾದ ಮೇಲೆ 'ಅದು ಯಾವ ಜ್ವರವಾಗಿತ್ತು' ಎಂದು ಹುಡುಕುವುದು ಕಷ್ಟ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ. ಅದು ಕಳೆದರೆ ಐಜಿಎಂ (ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪರೀಕ್ಷೆ ಬೇಕಾಗುತ್ತದೆ. ಝಿಕಾ ಸಂಶಯವಿದ್ದರೆ ರಕ್ತದ ಜೊತೆ ಮೂತ್ರದ ಮಾದರಿಯನ್ನೂ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳುಹಿಸುತ್ತಾರೆ. ಚಿಕನ್‌ಪಾಕ್ಸನ್ನು ಗುಳ್ಳೆ ನೋಡಿಯೇ ಹೇಳಬಹುದು. ಆದ್ದರಿಂದ ಜ್ವರದ ಮೊದಲ ಎರಡು ದಿನಗಳಲ್ಲೇ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಸುರಿ ಎಂಬುದನ್ನು ಮೊದಲೇ ಹೇಳಿ, ರಕ್ತ ಪರೀಕ್ಷೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ದಡಿಕೆ ಎದ್ದಿದ್ದರೆ ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ನಾಳೆಗೆ ಅದು ಮಾಯವಾಗಿರಬಹುದು.

ಝಿಕಾ ದೂರದ ಬ್ರೆಜಿಲಿನ ರೋಗವೆಂದು ತಿಳಿಯಬೇಡಿ. ಕೇರಳದಲ್ಲಿ 2021ರ ಜುಲೈನಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಅದು ಮೊದಲು ಪತ್ತೆಯಾದದ್ದು ಗರ್ಭಿಣಿಯೊಬ್ಬರಲ್ಲೇ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ, 2024ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಇದು ಸೊಳ್ಳೆಯಿಂದ ಮಾತ್ರವಲ್ಲದೆ ದೈಹಿಕ ಸಂಪರ್ಕದಿಂದಲೂ ಹರಡುತ್ತದೆ. ಗಂಡಂದಿರು ಹೊರದೇಶ, ಹೊರರಾಜ್ಯಗಳಲ್ಲಿ ದುಡಿದು ರಜೆಗೆ ಬರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು: ಝಿಕಾ ಇರುವ ಊರಿನಿಂದ ಬಂದ ಗಂಡ, ಹೆಂಡತಿಯ ಹೆರಿಗೆಯಾಗುವವರೆಗೂ ನಿರೋಧ್ ಬಳಸಬೇಕು ಅಥವಾ ಸಂಪರ್ಕದಿಂದ ದೂರವಿರಬೇಕು.

ಗರ್ಭಿಣಿಗೆ ಜ್ವರವೇ ಬಾರದೆ, ಮನೆಯ ಮಗುವಿಗೆ ಅಂಗನವಾಡಿಯಿಂದ ಚಿಕನ್‌ಪಾಕ್ಸ್ ಬಂದಿದ್ದರೆ? ಆಗಲೂ ಕಾಯಬೇಡಿ. ನಿಮಗೆ ಹಿಂದೆ ಎಂದೂ ಅದು ಬಂದಿರದಿದ್ದರೆ ಮತ್ತು ಲಸಿಕೆಯೂ ಆಗಿರದಿದ್ದರೆ, ರಕ್ತದಲ್ಲಿ ಐಜಿಜಿ (ಹಳೆಯ ಸೋಂಕು ಅಥವಾ ಲಸಿಕೆಯಿಂದ ಉಳಿದ ಪ್ರತಿಕಾಯ) ಇದೆಯೇ ಎಂದು ನೋಡಿ, ಇಲ್ಲವಾದರೆ ಸೋಂಕಿತರ ಸಂಪರ್ಕವಾದ ಹತ್ತು ದಿನಗಳೊಳಗೆ ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯ) ಚುಚ್ಚುಮದ್ದು ಕೊಡಲು ಅವಕಾಶವಿದೆ. ಗುಳ್ಳೆ ಎದ್ದೇಬಿಟ್ಟರೆ ಮೊದಲ 24 ಗಂಟೆಗಳೊಳಗೆ ಅಸೈಕ್ಲೋವಿರ್ ಶುರುಮಾಡುವ ಬಗ್ಗೆ ಡಾಕ್ಟರರನ್ನು ಕೇಳಬೇಕು. ಅಮ್ಮನವರು ಬಂದಿದ್ದಾರೆ, ಔಷಧ ಕೊಡಬಾರದು ಎಂಬ ನಂಬಿಕೆಯ ಮನೆಗಳಲ್ಲಿ ಬೇವಿನ ಸೊಪ್ಪು ಹಾಸಿಗೆಯ ಬಳಿ ಇರಲಿ, ಅದರಿಂದ ಕೆಡುಕಿಲ್ಲ. ಆದರೆ ಗರ್ಭಿಣಿಗೆ ಚಿಕನ್‌ಪಾಕ್ಸಿನಿಂದ ನ್ಯುಮೋನಿಯಾ ಆಗುವ ಭಯವಿರುವುದರಿಂದ ಮಾತ್ರೆ ತಪ್ಪಿಸುವಂತಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ಹೇಳಿ, ಉಳಿದ ಗರ್ಭಿಣಿಯರ ಸಾಲಿನಲ್ಲಿ ಕೂರಬೇಡಿ.

ಇಲ್ಲಿ, ಮಗುವಿಗೆ ತೊಂದರೆ ಕೊಡಬಲ್ಲ ರುಬೆಲ್ಲಾದಂತಹ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ 'ಟಾರ್ಚ್' ಪರೀಕ್ಷೆಯ ಬಗ್ಗೆ ನನ್ನ ಅಸಮಾಧಾನವನ್ನು ಹೇಳಿಬಿಡುತ್ತೇನೆ. ಜ್ವರವಿಲ್ಲ, ದಡಿಕೆಯಿಲ್ಲ, ಸ್ಕ್ಯಾನಿಂಗ್‌ನಲ್ಲಿ ದೋಷವಿಲ್ಲ, ಆದರೂ ಎಲ್ಲರಿಗೂ ಈ ರಕ್ತಪರೀಕ್ಷೆ ಬರೆದುಕೊಡುವ ರೂಢಿ ಹಲವೆಡೆ ಇದೆ. ವರದಿಯಲ್ಲಿ ಐಜಿಜಿ ಪಾಸಿಟಿವ್ ಎಂದು ಬಂದರೆ ಹಿಂದೆ ಯಾವಾಗಲೋ ಸೋಂಕು ಅಥವಾ ಲಸಿಕೆ ಆಗಿತ್ತೆಂದು ಮಾತ್ರ ಅರ್ಥ. ರುಬೆಲ್ಲಾದ ಮಟ್ಟಿಗೆ ಅದು ಸಂತೋಷದ ಸುದ್ದಿ. ಐಜಿಎಂ ಪಾಸಿಟಿವ್ ಎಂದರೆ ಕೂಡ ಹೊಸ ಸೋಂಕು ಎಂದು ಖಚಿತವಾಗುವುದಿಲ್ಲ. ಅದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ನೋಡುವುದು, ಸೋಂಕು ಹಳೆಯದೋ ಹೊಸದೋ ಎಂದು ತಿಳಿಯಲು ಐಜಿಜಿ ಅವಿಡಿಟಿ ಎಂಬ ಪರೀಕ್ಷೆ ಮಾಡಿಸುವುದು, ಇವುಗಳ ನಂತರವೇ ತೀರ್ಮಾನ. ಒಂದೇ ಟಾರ್ಚ್ ವರದಿಯನ್ನು ಹಿಡಿದು ಗರ್ಭ ತೆಗೆಸುವ ಮಾತು ಯಾರು ಆಡಿದರೂ ಇನ್ನೊಬ್ಬ ತಜ್ಞರನ್ನು ಕಾಣದೆ ಒಪ್ಪಬೇಡಿ.

3. ಜ್ವರದ ದಿನಗಳಲ್ಲಿ

ಪ್ಯಾರಸಿಟಮಾಲ್ ಸಾಕು, ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಬಿಪಿಗಾಗಿ ಡಾಕ್ಟರರೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ಮುಂದುವರಿಸಬೇಕೇ ಎಂದು ಅವರನ್ನೇ ಕೇಳಿ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಬಿಡುವಾಗ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲೋ ಕೆಳಗಿನಿಂದಲೋ ರಕ್ತ, ತಲೆ ತಿರುಗಿ ಬೀಳುವಂತಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಹೊರಡಬೇಕು. ಕೊನೆಯ ಮೂರು ತಿಂಗಳಲ್ಲಿ ಕಾಮಾಲೆಯಾದರೆ ಹೆಪಟೈಟಿಸ್ ಇ ಇರಬಹುದು. ಅದು ಗರ್ಭಿಣಿಯ ಜೀವಕ್ಕೇ ಎರವಾಗುವಂಥದ್ದು, ಹಳ್ಳಿಮದ್ದಿನ ಪ್ರಯೋಗಕ್ಕೆ ಸಮಯವಲ್ಲ.

4. ಯಾವ ಸ್ಕ್ಯಾನಿಂಗ್, ಯಾವಾಗ

ಸ್ಕ್ಯಾನಿಂಗ್‌ನಲ್ಲಿ ವೈರಸ್ ಕಾಣುವುದಿಲ್ಲ. ವೈರಸ್ ಮಾಸನ್ನು ದಾಟಿ ಮಗುವನ್ನು ಮುಟ್ಟಿ, ಅಲ್ಲಿ ಬೆಳವಣಿಗೆಯನ್ನು ಕೆಡಿಸಿ, ಆ ಕೆಡುಕು ಕಣ್ಣಿಗೆ ಬೀಳುವಷ್ಟು ದೊಡ್ಡದಾಗಲು ವಾರಗಳು ಬೇಕು. ಹಾಗಾಗಿ ಬೇಗ ಮಾಡಿಸಿದ ಸ್ಕ್ಯಾನಿಂಗ್ ಸುಳ್ಳು ಸಮಾಧಾನ ಕೊಡುತ್ತದೆ.

ಯಾವ ಜ್ವರವಿರಲಿ ಇಲ್ಲದಿರಲಿ, ಎಲ್ಲ ಗರ್ಭಿಣಿಯರಿಗೂ ಮೂರು ಹಂತಗಳು ಮುಖ್ಯ: ಆರಂಭದ ತಾರೀಕು ನಿಗದಿಯ ಸ್ಕ್ಯಾನಿಂಗ್ (11ರಿಂದ 14 ವಾರಗಳ ನಡುವಿನದ್ದು ಇದಕ್ಕೂ ಆಗುತ್ತದೆ), 18ರಿಂದ 20 ವಾರಗಳ ಅನಾಮಲಿ (ಅಂಗದೋಷ ನೋಡುವ) ಸ್ಕ್ಯಾನಿಂಗ್, ಮತ್ತು 28 ವಾರಗಳ ನಂತರ ಬೆಳವಣಿಗೆಯ ಸ್ಕ್ಯಾನಿಂಗ್. ಸೋಂಕು ಆದವರಿಗೆ ಇವುಗಳ ನಡುವೆ ಇನ್ನಷ್ಟು ಸೇರುತ್ತವೆ.

ಚಿಕನ್‌ಪಾಕ್ಸ್ 28 ವಾರಗಳೊಳಗೆ ಬಂದಿದ್ದರೆ, ಕನಿಷ್ಠ ಐದು ವಾರ ಕಳೆದ ಮೇಲೆ ಕೈಕಾಲು, ಕಣ್ಣು, ಮೆದುಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್ ಆಗಬೇಕು. ಮೇಲಿನ ಉದಾಹರಣೆಯಲ್ಲಿ ಆಗಸ್ಟ್ 26ಕ್ಕೆ ಗುಳ್ಳೆ ಎದ್ದಿದ್ದರೆ ಐದು ವಾರ ಮುಗಿಯುವುದು ಸೆಪ್ಟೆಂಬರ್ 30ಕ್ಕೆ, ಆಗ ಬಸುರಿಗೆ 16 ವಾರ. ಅಕ್ಟೋಬರ್ 14ರಿಂದ 28ರ ನಡುವೆ ಅನಾಮಲಿ ಸ್ಕ್ಯಾನಿಂಗಿನ ಹೊತ್ತು. ಮಗುವಿಗೆ ದೋಷ ತಗಲುವ ಸಂಭವ ನೂರಕ್ಕೆ ಎರಡನ್ನು ಮೀರುವುದಿಲ್ಲ ಎಂಬುದನ್ನು ಈ ಕಾಯುವ ದಿನಗಳಲ್ಲಿ ನೆನಪಿಡಿ.

ಪಾರ್ವೊವೈರಸ್ ಬಿ19ರ ದಾರಿ ಬೇರೆ. ಕೆನ್ನೆಗೆ ಹೊಡೆದಂತೆ ಕೆಂಪೇರಿದ ಮುಖದ ಮಕ್ಕಳಿಂದ ಹರಡುವ ಈ ಸೋಂಕು ಅಂಗಗಳ ಆಕಾರವನ್ನು ಕೆಡಿಸುವ ಬದಲು ಮಗುವಿನ ಮೂಳೆಮಜ್ಜೆಯಲ್ಲಿ ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ಆದ್ದರಿಂದ ಸೋಂಕು ಖಚಿತವಾದರೆ ಮುಂದಿನ 8ರಿಂದ 12 ವಾರ, ಪ್ರತಿ ವಾರ ಅಥವಾ ಎರಡು ವಾರಕ್ಕೊಮ್ಮೆ, ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗವನ್ನು ಡಾಪ್ಲರ್‌ನಲ್ಲಿ ಅಳೆಯುತ್ತಾರೆ. ರಕ್ತಹೀನತೆಯಾದರೆ ರಕ್ತ ತೆಳುವಾಗಿ ಜೋರಾಗಿ ಹರಿಯುತ್ತದೆ, ಆ ವೇಗವೇ ಸುಳಿವು. ಮಗುವಿನ ಹೊಟ್ಟೆ, ಎದೆಯಲ್ಲಿ ನೀರು ತುಂಬುವ ಮೊದಲೇ ಅದು ಗೊತ್ತಾದರೆ ದೊಡ್ಡ ಆಸ್ಪತ್ರೆಗಳಲ್ಲಿ ಗರ್ಭದೊಳಗಿರುವಾಗಲೇ ಮಗುವಿಗೆ ರಕ್ತ ಕೊಡಲು ಸಾಧ್ಯವಿದೆ. ಸ್ಕ್ಯಾನಿಂಗ್ ಬರೀ ನೋಡುವ ಸಾಧನವಾಗಿ ಉಳಿಯದೆ ಮಗುವಿನ ಜೀವ ಉಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಝಿಕಾ ಮತ್ತು ಸೈಟೊಮೆಗಲೊವೈರಸ್, ಅಂದರೆ ಸಿಎಂವಿ, ಎರಡರಲ್ಲೂ ಗಮನ ಮೆದುಳಿನ ಮೇಲೆ. ತಲೆಯ ಸುತ್ತಳತೆ, ಮೆದುಳಿನೊಳಗಿನ ನೀರಿನ ಕೋಣೆಗಳ ಅಗಲ, ಅಲ್ಲಲ್ಲಿ ಕಟ್ಟಿದ ಸುಣ್ಣದ ಚುಕ್ಕೆಗಳು, ಮಗುವಿನ ತೂಕ, ಇವುಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ನೋಡುತ್ತಾ ಹೋಗಬೇಕು. ಐದನೇ ತಿಂಗಳಲ್ಲಿ ಸರಿಯಿದ್ದ ತಲೆ ಎಂಟನೇ ತಿಂಗಳಲ್ಲಿ ಹಿಂದೆ ಬೀಳಬಹುದಾದ್ದರಿಂದ 28ರಿಂದ 30 ವಾರದ ಸ್ಕ್ಯಾನಿಂಗನ್ನು ಬಿಡಲೇಬಾರದು. ಸಿಎಂವಿ ಮಗುವಿಗೆ ತಲುಪಿದೆಯೇ ಎಂದು ಗರ್ಭನೀರಿನ ಪರೀಕ್ಷೆಯಿಂದ ತಿಳಿಯಬಹುದು. ಆದರೆ ಅದನ್ನು 20 ವಾರ ದಾಟಿ, ಸೋಂಕಾಗಿ ಆರರಿಂದ ಎಂಟು ವಾರ ಕಳೆದ ಮೇಲೆ ಮಾಡಿದರೆ ಮಾತ್ರ ನಂಬಬಹುದು.

ಡೆಂಗಿ ಮತ್ತು ಚಿಕೂನ್‌ಗುನ್ಯಾದಲ್ಲಿ ಅಂಗದೋಷದ ಭಯ ಕಡಿಮೆ. ಅಲ್ಲಿ ಪ್ರಶ್ನೆ ಬರುವುದು ಹೆರಿಗೆಯ ಹೊತ್ತಿನ ಜ್ವರದ್ದು.

ಪದೇ ಪದೇ ಸ್ಕ್ಯಾನಿಂಗ್ ಮಾಡಿದರೆ ಮಗುವಿಗೆ ಕಿರಣ ತಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ. ವೈದ್ಯಕೀಯ ಅಗತ್ಯಕ್ಕೆ ಮಾಡಿಸುವುದರಿಂದ ಹಾನಿಯಾಗುವುದು ಕಂಡುಬಂದಿಲ್ಲ.

5. ವರದಿಯನ್ನು ಓದುವ ಬಗೆ

ವರದಿಯ ಮಧ್ಯದಲ್ಲಿ ನಾಲ್ಕು ಅಳತೆಗಳ ಪಟ್ಟಿಯಿರುತ್ತದೆ. ಬಿಪಿಡಿ ಎಂದರೆ ತಲೆಯ ಅಗಲ, ಎಚ್‌ಸಿ ತಲೆಯ ಸುತ್ತಳತೆ, ಎಸಿ ಹೊಟ್ಟೆಯ ಸುತ್ತಳತೆ, ಎಫ್‌ಎಲ್ ತೊಡೆಯ ಮೂಳೆಯ ಉದ್ದ. ಪ್ರತಿಯೊಂದರ ಎದುರು ಅದು ಎಷ್ಟು ವಾರದ ಮಗುವಿನ ಅಳತೆಗೆ ಸಮ ಎಂದು ಬರೆದಿರುತ್ತದೆ. ನಾಲ್ಕೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ತಾರೀಕನ್ನು. ಹೊಟ್ಟೆ, ಮೂಳೆ ಸರಿಯಿದ್ದು ತಲೆ ಮಾತ್ರ ಹಿಂದೆ ಬಿದ್ದಿದ್ದರೆ ಆಗ ತಜ್ಞರು ಬೇಕು.

ನಮ್ಮ ಮನೆಯ ಮಾತು ಇಲ್ಲಿ ಬರುತ್ತದೆ. ನನ್ನ ತಂಗಿಗೆ ಬಸುರಿನ ಮೂರನೇ ತಿಂಗಳಲ್ಲಿ ಜ್ವರ ಬಂದು ಮೈಯೆಲ್ಲ ದಡಿಕೆ ಎದ್ದಿತ್ತು. ಅನಾಮಲಿ ಸ್ಕ್ಯಾನಿಂಗಿಗೆ ಹೋದ ದಿನ ಕೌಂಟರಿನಲ್ಲಿದ್ದವರು ಕೊನೆಯ ಮುಟ್ಟಿನ ದಿನ ಕೇಳಿದಾಗ ಅವಳ ಅತ್ತೆ 'ಸೋಣ ಐದಕ್ಕೆ' ಎಂದರು. ಸೋಣ ತಿಂಗಳು ಎಂದರೆ ಆಗಸ್ಟ್ ಎಂದು ಯಾರೋ ಪಕ್ಕದಿಂದ ಹೇಳಿದ್ದನ್ನು ಕೇಳಿ ಅವರು ಆಗಸ್ಟ್ 5 ಎಂದು ಬರೆದುಕೊಂಡರು. ಆದರೆ ಸೋಣ ಶುರುವಾಗುವ ಸಿಂಹ ಸಂಕ್ರಮಣ ಬರುವುದೇ ಆಗಸ್ಟ್ 17ರ ಸುಮಾರಿಗೆ. ಸೋಣ ಐದು ಎಂದರೆ 21ನೇ ತಾರೀಕಿನ ಹತ್ತಿರ. ಹದಿನಾರು ದಿನಗಳ ಆ ವ್ಯತ್ಯಾಸ ವರದಿಯಲ್ಲಿ 'ತಲೆಯ ಅಳತೆ ಎರಡು ವಾರ ಕಡಿಮೆ' ಎಂದು ಮುದ್ರಿತವಾಗಿ ಬಂತು. ಜ್ವರದ ಕಥೆಯೂ ಜೊತೆಗಿದ್ದುದರಿಂದ ಮನೆಯಲ್ಲಿ ಒಂಬತ್ತು ದಿನ ಯಾರ ಗಂಟಲಲ್ಲೂ ಅನ್ನ ಸರಿಯಾಗಿ ಇಳಿಯಲಿಲ್ಲ. ಕೊನೆಗೆ ಪುತ್ತೂರಿನ ತವರು ಮನೆಯ ಕಪಾಟಿನಿಂದ ಎಂಟನೇ ವಾರದ ಸ್ಕ್ಯಾನಿಂಗಿನ ಚೀಟಿ ಸಿಕ್ಕಿ, ಅದರ ಪ್ರಕಾರ ಲೆಕ್ಕ ಹಾಕಿದಾಗ ತಲೆ, ಹೊಟ್ಟೆ, ಮೂಳೆ ಎಲ್ಲವೂ ಅದರದರ ಜಾಗದಲ್ಲಿದ್ದವು. ಅಂದಿನ ವರದಿಯನ್ನು ತೆಗೆದು ನೋಡಿದರೆ ನಾಲ್ಕು ಅಳತೆಗಳೂ ಸಮವಾಗಿ ಎರಡು ವಾರ ಹಿಂದಿದ್ದವು. ನಾವು ಓದಿದ್ದು ತಲೆಯ ಸಾಲನ್ನು ಮಾತ್ರ.

ಆದ್ದರಿಂದ ಮೊದಲ ಸ್ಕ್ಯಾನಿಂಗಿನ ಕಾಗದ ಉಳಿದೆಲ್ಲ ಕಾಗದಗಳ ಮೇಲಿರಲಿ. ಆರಂಭದ ವಾರಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ವಯಸ್ಸಿನ ಲೆಕ್ಕಕ್ಕೆ ಅದೇ ಗಟ್ಟಿ ಆಧಾರ. ವರದಿಯಲ್ಲಿ ಮೆದುಳಿನ ನೀರಿನ ಕೋಣೆಯ ಅಗಲ 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ಸಹಜ. 'ನಾರ್ಮಲ್' ಎಂಬ ಮಾತಿನ ಮಿತಿಯನ್ನೂ ತಿಳಿದಿರಬೇಕು: ಮಗುವಿಗೆ ಕಿವಿ ಕೇಳುತ್ತದೆಯೇ, ದೃಷ್ಟಿ ಸರಿಯಿದೆಯೇ ಎಂಬುದನ್ನು ಯಾವ ಸ್ಕ್ಯಾನಿಂಗೂ ಹೇಳುವುದಿಲ್ಲ.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಗುರುತಿನ ಚೀಟಿ ಕೇಳಿ ಎಫ್ ನಮೂನೆಗೆ ಸಹಿ ಹಾಕಿಸಿಕೊಳ್ಳುವುದು 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯಿದೆಯ ಪ್ರಕಾರ, ಅದಕ್ಕೆ ಅಂಜಬೇಕಿಲ್ಲ. ಗಂಡೋ ಹೆಣ್ಣೋ ಎಂದು ಮಾತ್ರ ಯಾರೂ ಕೇಳಬಾರದು, ಅವರು ಹೇಳಲೂಬಾರದು. ಗಂಭೀರ ದೋಷ ಕಂಡುಬಂದರೆ 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 20ರಿಂದ 24 ವಾರಗಳ ನಡುವೆ ಇಬ್ಬರು ಡಾಕ್ಟರರ ಅಭಿಪ್ರಾಯದ ಮೇಲೆ, 24 ವಾರಗಳ ನಂತರ ವೈದ್ಯಕೀಯ ಮಂಡಳಿಯ ತೀರ್ಮಾನದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಬೇಕೋ ಬೇಡವೋ ಎಂಬುದು ಆ ತಾಯಿಗೆ ಸೇರಿದ ವಿಚಾರ. ಆದರೆ ಯೋಚಿಸಲು ಸಮಯ ಸಿಗಬೇಕಾದರೆ ಅನಾಮಲಿ ಸ್ಕ್ಯಾನಿಂಗನ್ನು 22, 23ನೇ ವಾರಕ್ಕೆ ಮುಂದೂಡಬಾರದು.

6. ಏಳನೇ ತಿಂಗಳಿನ ಪ್ರಯಾಣ

ಸೀಮಂತ ಮುಗಿಸಿ ತವರಿಗೆ ಹೊರಡುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಗರ್ಭಿಣಿಯರು ರಾಜ್ಯವನ್ನೇ ದಾಟುತ್ತಾರೆ. ಗಂಡನ ಮನೆ ಕೇರಳದ ಬದಿಯಡ್ಕದಲ್ಲಿ, ತವರು ಕರ್ನಾಟಕದ ಸುಳ್ಯದಲ್ಲಿ. ಈಚೆಯ ಆಶಾ ಕಾರ್ಯಕರ್ತೆಗೆ ಜ್ವರದ ವಿಷಯ ಗೊತ್ತು, ಆಚೆಯವರಿಗೆ ಗೊತ್ತಿಲ್ಲ. ಈಚೆಯ ಚೀಟಿಯಲ್ಲಿ ಸಿಸ್ಟರ್ ಮಲಯಾಳದಲ್ಲಿ ಬರೆದದ್ದನ್ನು ಆಚೆ ಓದುವವರಿಲ್ಲ. ಹೊರಡುವ ಮೊದಲು ತಾಯಿ-ಮಗುವಿನ ಕಾರ್ಡನ್ನು ಹಿಡಿದು ಆಶಾ ಅವರ ಬಳಿ ಕುಳಿತು, ಮುಖ್ಯ ಸಾಲುಗಳ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಆರ್‌ಸಿಎಚ್ ನಂಬರನ್ನು (ಗರ್ಭಿಣಿಯ ಸರಕಾರಿ ನೋಂದಣಿ ಸಂಖ್ಯೆ) ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಎಲ್ಲ ವರದಿಗಳ ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ಅಮ್ಮನ ಮೊಬೈಲಿನಲ್ಲೂ ಇಡಿ. ಕೇರಳದ ದಿಶಾ ಸಹಾಯವಾಣಿ 1056ಕ್ಕೆ ಕರೆ ಮಾಡಿ ಯಾವ ಸೇವೆ ಎಲ್ಲಿ ಸಿಗುತ್ತದೆಂದು ವಿಚಾರಿಸಬಹುದು.

ಮಂಗಳೂರಿನ ಲೇಡಿ ಗೋಷನ್ ಸರಕಾರಿ ಹೆರಿಗೆ ಆಸ್ಪತ್ರೆಯನ್ನೋ ಅಲ್ಲಿನ ಖಾಸಗಿ ಆಸ್ಪತ್ರೆಗಳನ್ನೋ ನಂಬಿರುವವರು ಕಾಸರಗೋಡು ಅಥವಾ ಕಾಞಂಗಾಡಿನ ಸರಕಾರಿ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿಕೊಂಡಿರುವುದು ಜಾಣತನ. 2020ರ ಮಾರ್ಚಿನಲ್ಲಿ ಲಾಕ್‌ಡೌನಿನ ಹೊತ್ತಿಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಡಿಯ ರೋಗಿಗಳು ಪಟ್ಟ ಪಾಡನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

7. ಹೆರಿಗೆಯ ಹೊತ್ತಿಗೆ ಹೇಳಬೇಕಾದದ್ದು

ಹೆರಿಗೆ ಕೋಣೆಗೆ ಹೋಗುವ ಮೊದಲು ಮಕ್ಕಳ ಡಾಕ್ಟರರಿಗೆ ಜ್ವರದ ವಾರವನ್ನು ತಿಳಿಸಿ. ಹೆರಿಗೆಗೆ ಐದು ದಿನ ಮೊದಲಿನಿಂದ ಹೆರಿಗೆಯಾದ ಎರಡು ದಿನಗಳೊಳಗೆ ತಾಯಿಗೆ ಚಿಕನ್‌ಪಾಕ್ಸ್ ಗುಳ್ಳೆ ಎದ್ದರೆ ಮಗುವಿಗೆ ತಾಯಿಯ ರಕ್ಷಣೆ ದಾಟಿರುವುದಿಲ್ಲ. ಹುಟ್ಟಿದ ಕೂಡಲೇ ಇಮ್ಯುನೊಗ್ಲೋಬುಲಿನ್ ಬೇಕು. ಹೆರಿಗೆಯ ದಿನಗಳಲ್ಲಿ ಚಿಕೂನ್‌ಗುನ್ಯಾ ಜ್ವರವಿದ್ದರೆ ಸುಮಾರು ಅರ್ಧದಷ್ಟು ಶಿಶುಗಳಿಗೆ ಅದು ತಗಲಬಹುದು, ಸಿಸೇರಿಯನ್ ಮಾಡಿದರೂ ತಪ್ಪುವುದಿಲ್ಲ. ಹುಟ್ಟಿದಾಗ ಲವಲವಿಕೆಯಿಂದಿರುವ ಮಗು ಮೂರರಿಂದ ಏಳನೇ ದಿನದೊಳಗೆ ಹಾಲು ಬಿಡುತ್ತದೆ, ಜ್ವರ ಬರುತ್ತದೆ, ಮೈ ಮುಟ್ಟಿದರೆ ಅಳುತ್ತದೆ. ಆದ್ದರಿಂದ ಇಂತಹ ಮಗುವನ್ನು ಎರಡನೇ ದಿನವೇ ಮನೆಗೆ ಕರೆದೊಯ್ಯಲು ಅವಸರ ಮಾಡಬಾರದು. ಡೆಂಗಿಯಲ್ಲೂ ಹೀಗೆಯೇ, ತಾಯಿಗೆ ರಕ್ತಸ್ರಾವದ ಭಯವೂ ಇರುವುದರಿಂದ ರಕ್ತ ಸಿಗುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿಗೆ 12 ಗಂಟೆಗಳೊಳಗೆ ಇಮ್ಯುನೊಗ್ಲೋಬುಲಿನ್, 24 ಗಂಟೆಗಳೊಳಗೆ ಲಸಿಕೆಯ ಮೊದಲ ಡೋಸು.

ಎದೆಹಾಲನ್ನು ನಿಲ್ಲಿಸಬೇಡಿ. ಡೆಂಗಿ, ಚಿಕೂನ್‌ಗುನ್ಯಾ, ಝಿಕಾ, ಹೆಪಟೈಟಿಸ್ ಬಿ, ಇವು ಯಾವುದರಲ್ಲೂ ಹಾಲುಣಿಸಬಹುದು. ಕೋವಿಡ್, ಫ್ಲೂಗಳಲ್ಲಿ ಮಾಸ್ಕ್ ಹಾಕಿ ಉಣಿಸಬೇಕು.

8. ಹುಟ್ಟಿದ ಮಗುವಿನ ಪರೀಕ್ಷೆ, ಮತ್ತು 21 ದಿನಗಳ ಗಡುವು

ಮಗುವಿನ ತಲೆಯನ್ನು ಅಳೆಯುವಾಗ ಎದುರಿಗೇ ನಿಂತು ನೋಡಿ. ಟೇಪು ಹುಬ್ಬಿನ ಸ್ವಲ್ಪ ಮೇಲಿಂದ ಹಿಂದಲೆಯ ಉಬ್ಬಿದ ಭಾಗದವರೆಗೆ, ಕಿವಿಗಳ ಮೇಲ್ಗಡೆಯಿಂದ ಸುತ್ತಿ ಬರಬೇಕು, ಹಿಗ್ಗದ ಟೇಪಾಗಿರಬೇಕು, ಮೂರು ಸಲ ಅಳೆದು ದೊಡ್ಡದನ್ನು ಬರೆಯುವುದು ಕ್ರಮ. ಹೆರಿಗೆಯಲ್ಲಿ ತಲೆ ಒತ್ತಿ ಉದ್ದವಾಗಿರುವುದರಿಂದ 24 ಗಂಟೆಯ ನಂತರ ಮತ್ತೊಮ್ಮೆ ಅಳೆಯಬೇಕು. ತಿಂಗಳು ತುಂಬಿ ಹುಟ್ಟಿದ ಗಂಡು ಮಗುವಿಗೆ 31.9, ಹೆಣ್ಣು ಮಗುವಿಗೆ 31.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮುಂದಿನ ಪರೀಕ್ಷೆ ಬೇಕು. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಬೆಳ್ಳಗಿದೆಯೇ ಎಂದು, ಎದೆಗೆ ಸ್ಟೆತಸ್ಕೋಪ್ ಇಟ್ಟು ಹೃದಯದಲ್ಲಿ ಹೆಚ್ಚಿನ ಸದ್ದು ಇದೆಯೇ ಎಂದು ನೋಡಲು ಕೇಳಿ. ರುಬೆಲ್ಲಾ ಕೆಡಿಸುವುದು ಕಣ್ಣು, ಹೃದಯ, ಕಿವಿ ಈ ಮೂರನ್ನು. ಮಗುವಿನ ರಕ್ತದಲ್ಲಿ ಐಜಿಜಿ ಇದ್ದರೆ ಅದು ತಾಯಿಯದ್ದೇ ದಾಟಿ ಬಂದದ್ದಾಗಿರಬಹುದು. ಐಜಿಎಂ ಇದ್ದರೆ ಮಾತ್ರ ಅದು ಮಗುವಿನದ್ದೇ. ರುಬೆಲ್ಲಾ ಖಚಿತವಾದ ಮಗುವಿನ ಮೂತ್ರ, ಜೊಲ್ಲಿನಿಂದ ಒಂದು ವರ್ಷದವರೆಗೂ ವೈರಸ್ ಹೊರಬೀಳಬಹುದಾದ್ದರಿಂದ ಬೇರೆ ಗರ್ಭಿಣಿಯರು ಆ ಮಗುವನ್ನು ಎತ್ತಿಕೊಳ್ಳಬಾರದು.

ಸಿಎಂವಿ ಸಂಶಯವಿದ್ದರೆ ಮಗುವಿನ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಪರೀಕ್ಷೆ ಹುಟ್ಟಿದ 21 ದಿನಗಳೊಳಗೆ ಆಗಬೇಕು. ಅದು ದಾಟಿದ ಮೇಲೆ ಪಾಸಿಟಿವ್ ಬಂದರೆ, ಗರ್ಭದಲ್ಲೇ ತಗಲಿತೋ ಹುಟ್ಟಿದ ಮೇಲೆ ತಗಲಿತೋ ಎಂದು ಹೇಳಲಾಗುವುದಿಲ್ಲ. ಲಕ್ಷಣಗಳಿರುವ ಮಗುವಿಗೆ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಎಂಬ ಔಷಧವನ್ನು ಮೊದಲ ತಿಂಗಳೊಳಗೆ ಶುರುಮಾಡಿ ಆರು ತಿಂಗಳು ಕೊಟ್ಟರೆ ಕೇಳುವ ಶಕ್ತಿಗೆ ಅನುಕೂಲವಾಗುತ್ತದೆ. ನಮ್ಮ ಬಾಣಂತನದ ಪದ್ಧತಿಯೇ ಇಲ್ಲಿ ಅಡ್ಡ ಬರುವುದು. ನಲವತ್ತು ದಿನ ತಾಯಿ-ಮಗು ಹೊಸ್ತಿಲು ದಾಟಬಾರದು ಎಂಬ ಮನೆಗಳಲ್ಲಿ ಈ 21 ದಿನಗಳು ಎಣ್ಣೆ-ನೀರಿನ ಸ್ನಾನದಲ್ಲಿ, ಕಷಾಯದಲ್ಲಿ ಕಳೆದುಹೋಗುತ್ತವೆ. ಅಜ್ಜಿಯಂದಿರೊಂದಿಗೆ ಜಗಳ ಬೇಡ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಮಾದರಿ ಕೊಟ್ಟು ಬಂದರೆ ಎರಡೂ ನಡೆಯುತ್ತದೆ.

ಕಿವಿಯ ಪರೀಕ್ಷೆಯನ್ನೂ ಆಗಲೇ ಮಾಡಿಸಿ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತಪಡಿಸುವುದು, ಆರು ತಿಂಗಳೊಳಗೆ ಶ್ರವಣಯಂತ್ರ ಇತ್ಯಾದಿ ಶುರು, ಇದು ಎಲ್ಲೆಡೆ ಒಪ್ಪಿದ ಲೆಕ್ಕ. ಸೋಂಕಿನ ಹಿನ್ನೆಲೆಯಿರುವ ಮಗುವಿಗೆ ಒಳಕಿವಿಯ ಪ್ರತಿಕ್ರಿಯೆಯನ್ನಷ್ಟೇ ನೋಡುವ ಒಎಇ ಪರೀಕ್ಷೆ ಒಂದೇ ಸಾಲದು, ನರದ ದಾರಿಯನ್ನೂ ನೋಡುವ ಬೆರಾ ಪರೀಕ್ಷೆ ಕೇಳಿ. ಕೇರಳದಲ್ಲಿ ಹುಟ್ಟಿದ ಮಕ್ಕಳ ಸಮಗ್ರ ತಪಾಸಣೆಗೆ ಶಲಭಂ, ಕಿವಿಗೆ ಕಾತೋರಂ, ಹೃದಯಕ್ಕೆ ಹೃದ್ಯಂ ಎಂಬ ಸರಕಾರಿ ಯೋಜನೆಗಳಿವೆ. ಹೆಸರು ಹಿಡಿದು ಕೇಳಿದರೆ ಕೆಲಸ ಬೇಗ ಆಗುತ್ತದೆ.

9. ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಪ್ರತಿ ಸಲವೂ ತೂಕ ಬರೆಸಿಕೊಳ್ಳಿ, ತಲೆಯ ಸುತ್ತಳತೆಯನ್ನು ಲಸಿಕೆಗೆ ಹೋದಾಗಲೆಲ್ಲ ಅಳೆಸಿಕೊಳ್ಳಿ. ಎರಡು ತಿಂಗಳಿಗೆ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ, 'ಅವನಪ್ಪನೂ ನಿಧಾನವೇ ಇದ್ದ' ಎಂಬ ಮಾತಿಗೆ ಕಿವಿಗೊಡದೆ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಬರೆಸಿಕೊಂಡು ಹೋಗಿ. ಸಿಎಂವಿಯಿಂದ ಬರುವ ಕಿವುಡು ಹುಟ್ಟಿದಾಗ ಇಲ್ಲದೆ ಎರಡು ಮೂರನೇ ವರ್ಷದಲ್ಲಿ ಕಾಣಿಸಿಕೊಳ್ಳುವುದುಂಟು. ಆ ಮಕ್ಕಳಿಗೆ ಮಾತು ಬರುವವರೆಗೂ ಆಗಾಗ ಕಿವಿಯ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಉಳಿದದ್ದು ತಾಯಿಯದ್ದು. ಬಸುರಿನಲ್ಲಿ ಮಾಡಿದ ಪರೀಕ್ಷೆಯಲ್ಲಿ ರುಬೆಲ್ಲಾ ಐಜಿಜಿ ಇಲ್ಲವೆಂದು ಬಂದಿದ್ದರೆ ಹೆರಿಗೆಯ ನಂತರ ಎಂಆರ್ (ದಡಾರ-ರುಬೆಲ್ಲಾ) ಅಥವಾ ಎಂಎಂಆರ್ (ಅದರ ಜೊತೆ ಮಂಗನಬಾವು ಕೂಡ) ಲಸಿಕೆ ಹಾಕಿಸಿಕೊಳ್ಳಬೇಕು. ಹಾಲುಣಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಕೇರಳದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ನಡೆದ ಎಂಆರ್ ಅಭಿಯಾನ 15 ವರ್ಷದೊಳಗಿನವರಿಗೆ ಮಾತ್ರವಾಗಿದ್ದುದರಿಂದ, ಆಗಲೇ ಆ ವಯಸ್ಸು ದಾಟಿದ್ದವರು ಅದರಲ್ಲಿ ಸೇರಿರುವುದಿಲ್ಲ. ಇದು ಜೀವಂತ ವೈರಸಿನ ಲಸಿಕೆ. ಬಸುರಿನಲ್ಲಿ ಕೊಡುವುದಿಲ್ಲ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಾಗಬಾರದು. ಗೊತ್ತಾಗದೆ ಬಸುರಿನಲ್ಲೇ ಹಾಕಿಸಿಕೊಂಡಿದ್ದರೂ ಆ ಕಾರಣಕ್ಕೆ ಗರ್ಭ ತೆಗೆಸುವ ಅಗತ್ಯವಿಲ್ಲ. ಹಾಕಿಸಿಕೊಂಡ ತಾರೀಕನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.